ರಟ್ಟಿನ ಫಲಕದ ಚರಿತ್ರೆ

ಅಚ್ಚು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿಗೆ ತೋರುವುದು ಗಟ್ಟಿಯಾದ ಒಂದು ವಸ್ತು. ಸಂಕ್ರಾಂತಿಯ ಸಕ್ಕರೆ ಅಚ್ಚಿಗಾಗಿ ಪಾಕವನ್ನು ಹೊಯ್ಯುವ ಮರದ ಪಡಿಯಾಗಲಿ, ಬಟ್ಟೆಯ ಅಂಚಿಗೆ ಬಣ್ಣವನ್ನೊತ್ತುವ ಮರದ ಮೊಹರಾಗಲಿ, ಟಂಕಸಾಲೆಯಲ್ಲಿ ನಾಣ್ಯದ ಮೇಲೆ ರಾಜಚಿಹ್ನೆಯನ್ನು ಮೂಡಿಸುತ್ತಿದ್ದ ಉಕ್ಕಿನ ಮುದ್ರೆಯಾಗಲಿ, ಇವೆಲ್ಲವೂ ಉಳಿಯ ಪೆಟ್ಟನ್ನು ತಿಂದು, ತಮ್ಮ ಮೈಯಲ್ಲಿ ಬೇಡವಾದುದನ್ನು ಕಳೆದುಕೊಂಡು, ಉಳಿದುದರಿಂದ ರೂಪವನ್ನು ಕೊಡತಕ್ಕವು. ಯೂರೋಪಿನ ಮುದ್ರಣಚಿತ್ರಕಲೆಯೂ ಸುಮಾರು ಐದು ಶತಮಾನಗಳ ಕಾಲ ಇದೇ ವಿಶ್ವಾಸದ ಮೇಲೆ ನಡೆದುಬಂದಿತು. ಡ್ಯೂರರನ ಮರದ ಹಲಗೆಯನ್ನು ಚೂರಿ ಕೆತ್ತಿತು. ರೆಂಬ್ರಾಂಟನ ತಾಮ್ರಫಲಕವನ್ನು ಸೂಜಿ ಗೀರಿತು, ಆಮ್ಲ ತಿಂದಿತು. ಸ್ಪೇನಿನ ಗೋಯನು 1799ರಲ್ಲಿ ಪ್ರಕಟಿಸಿದ ‘ಕಾಪ್ರಿಚೋಸ್’ ಮಾಲೆಯ 80 ಚಿತ್ರಗಳ ತಾಮ್ರಫಲಕಗಳನ್ನು 1803ರಲ್ಲಿ ತನ್ನ ದೊರೆಗೆ ಒಪ್ಪಿಸಿದನು. ಅವು ಇಂದಿಗೂ ಮ್ಯಾಡ್ರಿಡ್ ನಗರದ ಮುದ್ರಣಫಲಕಗಳ ಭಂಡಾರದಲ್ಲಿ, ನಮ್ಮ ಅರಸರ ತಾಮ್ರಶಾಸನಗಳಂತೆ, ಸುರಕ್ಷಿತವಾಗಿರುವುವು.

ನಾನು ಈಗ ಹೇಳಹೊರಟಿರುವುದು ಭಂಡಾರದ ಭಾಗ್ಯವಿಲ್ಲದ ಇನ್ನೊಂದು ಬಗೆಯ ಫಲಕದ ಕಥೆಯನ್ನು. ಪಾದರಕ್ಷೆಯ ಪೆಟ್ಟಿಗೆಯಿಂದ ಹರಿದು ತೆಗೆದ ರಟ್ಟಿನ ತುಂಡೊಂದು ಅದಕ್ಕೆ ಸಾಕು. ಆ ರಟ್ಟಿಗೆ ಗೋಣಿತಾಟಿನ ಚೂರು, ಒಣಗಿದ ಎಲೆ, ನೂಲಿನ ಎಳೆ, ಮೊಟ್ಟೆಯ ಸಿಪ್ಪೆಯ ಪುಡಿ, ಸುಕ್ಕುಗಟ್ಟಿದ ತಗಡಿನ ಹಾಳೆ ಇವುಗಳನ್ನು ಅಂಟಿನಿಂದ ಕೂಡಿಸಿ, ಮಸಿ ಬಳಿದು, ತೊಯ್ದ ಕಾಗದದೊಡನೆ ಉರುಳೆಗಳ ನಡುವೆ ಹಾಯಿಸಿದರೆ, ಆ ವಸ್ತುಗಳ ಒರಟು ನಯಗಳೇ ಕಪ್ಪುಬಿಳುಪುಗಳಾಗಿ ಕಾಗದದ ಮೇಲೆ ಇಳಿಯುವುವು. ಇದಕ್ಕೆ ಕೊಲಾಗ್ರಾಫ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಕೊಲ್ಲ’ ಎಂದರೆ ಅಂಟು. ‘ಗ್ರಾಫ್’ ಎಂಬುದು ಬರಹವನ್ನು ಸೂಚಿಸುವ ಪದ. ಅಂಟುಬರಹವೆಂದು ನಾವು ಕನ್ನಡದಲ್ಲಿ ಹೇಳಬಹುದು. ಕಲಾವಿದನು ಫಲಕದಿಂದ ಕಳೆಯುತ್ತಿದ್ದ ಕಾಲ ಹೋಗಿ, ಫಲಕಕ್ಕೆ ಕೂಡಿಸುವ ಕಾಲ ಬಂದುದು ಹೇಗೆ, ಮತ್ತು ಅಷ್ಟು ತಡವಾಗಿ ಬಂದುದು ಏಕೆ, ಎಂಬ ಪ್ರಶ್ನೆ ನನ್ನನ್ನು ಬಹುದಿನಗಳಿಂದ ಹಿಡಿದಿರುವುದು.

ವಸ್ತುವೇ ತನ್ನ ಅಚ್ಚನ್ನು ತಾನು ಕೊಡಬಲ್ಲುದೆಂಬ ಅರಿವು ಮಾತ್ರ ಹಳೆಯದು. ಎಲೆಯೊಂದಕ್ಕೆ ಮಸಿ ಸವರಿ ಕಾಗದಕ್ಕೆ ಒತ್ತಿದರೆ ಅದರ ನರಬಲೆಯೆಲ್ಲವೂ ಮೂಡುವುದನ್ನು ಲಿಯೊನಾರ್ಡೋ ತನ್ನ ಟಿಪ್ಪಣಿಗಳ ನಡುವೆ ಮಾಡಿ ತೋರಿಸಿದ್ದನು. ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ 1730ರ ದಶಕದಲ್ಲಿ ಕಾಗದದ ಹಣವನ್ನು ಮುದ್ರಿಸುವಾಗ, ಒಂದರಂತೆ ಇನ್ನೊಂದಿರದ ಎಲೆಯ ನರಗಳನ್ನು ಕಳ್ಳನೋಟಿನವರು ಅನುಕರಿಸಲಾರರೆಂದು ಬಗೆದು, ಎಲೆಯ ಪಡಿಯಚ್ಚನ್ನು ಅದರ ಮೇಲೆ ಇರಿಸಿದನು. ವಿಯೆನ್ನಾದ ಆವರ್ ಎಂಬಾತನು 1850ರ ದಶಕದಲ್ಲಿ ಗಿಡವನ್ನು ಮೃದುವಾದ ಸೀಸದ ತಗಡಿಗೆ ಒತ್ತಿ ಅದರಿಂದ ಫಲಕಗಳನ್ನು ಪಡೆಯುವ ವಿಧಾನವನ್ನು ಬಳಕೆಗೆ ತಂದನು. ನಮ್ಮ ಮಂಗಳೂರಿಗೂ ಈ ಪ್ರಕರಣದಲ್ಲಿ ಒಂದು ಸ್ಥಾನವುಂಟು: 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದ ಬಾಸೆಲ್ ಮಿಶನ್ನಿನವರ ಮುದ್ರಣಾಲಯವೇ 1862ರಲ್ಲಿ, ಹುಂಜಿಕರ್ ಎಂಬಾತನು ದಕ್ಷಿಣ ಭಾರತದ ಉಪಯುಕ್ತವೂ ಸುಂದರವೂ ಆದ ಸಸ್ಯಗಳನ್ನು ಹಸಿಯಾಗಿರುವಾಗಲೇ ಅಚ್ಚಿಗೆ ಇಳಿಸಿ ಸಿದ್ಧಪಡಿಸಿದ ಸಂಪುಟವೊಂದನ್ನು, ನಿಸರ್ಗದ ಸ್ವಯಂಮುದ್ರಣವೆಂಬ ಅರ್ಥದ ಹೆಸರಿನಿಂದ, ಪ್ರಕಟಿಸಿತು. ಕರಾವಳಿಯ ಮಳೆಯಲ್ಲಿ ಬೆಳೆದ ಎಲೆ ತನ್ನ ಚಿತ್ರವನ್ನು ತಾನೇ ಬರೆದುಕೊಂಡ ಆ ಪುಟಗಳನ್ನು ಕುರಿತು ನಮ್ಮವರು ಇನ್ನಷ್ಟು ಅಭಿಮಾನಪಡಬೇಕೆಂದು ನನಗೆ ಅನ್ನಿಸುವುದು. ಆದರೂ ಅಲ್ಲಿ ಎಲೆ ಎಲೆಯಾಗಿಯೇ ಉಳಿದಿತ್ತು. ಎಲೆಯಿಂದ ಮನುಷ್ಯನ ಚರ್ಮವನ್ನು, ಮರಳಿನಿಂದ ರಾತ್ರಿಯನ್ನು ಕಟ್ಟುವ ಸಂಕಲ್ಪ ಆ ಸಸ್ಯಶಾಸ್ತ್ರಜ್ಞರಿಗೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಆ ಸಂಕಲ್ಪಕ್ಕೆ ಮೊದಲು ಚಿತ್ರಕಲೆಯಲ್ಲೇ ಒಂದು ಕಟ್ಟು ಸಡಿಲವಾಗಬೇಕಾಯಿತು. 1912ರಲ್ಲಿ ಪಿಕಾಸೋ ತನ್ನ ಚಿತ್ರವೊಂದಕ್ಕೆ ಬೆತ್ತದ ಹೆಣಿಗೆಯ ನಮೂನೆಯನ್ನು ಅಚ್ಚುಹಾಕಿದ ಮೇಣಬಟ್ಟೆಯನ್ನು ಅಂಟಿಸಿ, ಸುತ್ತಲೂ ಹಗ್ಗವನ್ನು ಕಟ್ಟಿದನು. ಅದೇ ವರ್ಷ ಬ್ರಾಕನು ಗೋಡೆಗೆ ಹಚ್ಚುವ ಕಾಗದವನ್ನು ತನ್ನ ರೇಖಾಚಿತ್ರಕ್ಕೆ ಅಂಟಿಸಿದನು. ಬಣ್ಣದಿಂದ ತೋರಿಸಬೇಕಾದ ವಸ್ತುವನ್ನು ತಂದು ಇಟ್ಟುಬಿಡಬಹುದೆಂಬ ಈ ಧೈರ್ಯ ಮುದ್ರಣಚಿತ್ರದವರನ್ನು ತಲುಪಲು ಮತ್ತೆ ಇಪ್ಪತ್ತು ವರ್ಷಗಳಾದವು. ತಲುಪಿದುದೂ ಒಂದು ಪ್ರಮಾದದ ಮೂಲಕ. ಜರ್ಮನಿಯ ರೋಲ್ಫ್ ನೆಷ್ ಎಂಬ ಕಲಾವಿದನ ಲೋಹಫಲಕವೊಂದು ಆಮ್ಲದಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಹೊತ್ತು ಇದ್ದು ತೂತುಬಿದ್ದಿತು. ಬೇರೊಬ್ಬನಾಗಿದ್ದರೆ ಅದನ್ನು ಗುಜರಿಗೆ ಹಾಕುತ್ತಿದ್ದನು. ನೆಷ್ ಅದಕ್ಕೆ ಮಸಿ ಬಳಿದು ಅಚ್ಚು ತೆಗೆದನು. ತೂತಿದ್ದ ಜಾಗದಲ್ಲಿ ಕಾಗದವು ಮಸಿಯಿಲ್ಲದೆ ಉಬ್ಬಿ, ಬೆಳ್ಳಗೆ ನಿಂತಿತು. ಫಲಕದಲ್ಲಿ ತೂತಿಗೂ ಬೆಲೆಯುಂಟೆಂದಾದ ಮೇಲೆ ದಿಬ್ಬಕ್ಕೂ ಬೆಲೆಯಿರಲೇಬೇಕಲ್ಲವೆ? ಆತನು ಫಲಕದ ಮೇಲೆ ತಂತಿಯನ್ನು ಬೆಸೆದನು, ತಂತಿಯ ಜಾಲರಿಯನ್ನು ಕತ್ತರಿಸಿ ಕೂಡಿಸಿದನು, ತಗಡಿನ ಚೂರುಗಳನ್ನು ಜೋಡಿಸಿದನು. 1932ರಲ್ಲಿ ಆತನು ಮಾಡಿದ ಹ್ಯಾಂಬರ್ಗಿನ ಸೇತುವೆಗಳ ಮಾಲೆಯಲ್ಲಿ ಉಕ್ಕಿನ ತೊಲೆಗಳ ಅಚ್ಚನ್ನು ಕೊಟ್ಟುದು ಲೋಹದ ತುಂಡುಗಳೇ. ಮರುವರ್ಷ ನಾಜಿಗಳು ಅಧಿಕಾರಕ್ಕೆ ಬಂದರು. ನೆಷ್ ನಾರ್ವೆಗೆ ಹೋಗಿ ನೆಲಸಿ, 1975ರಲ್ಲಿ ಅಲ್ಲಿಯೇ ತೀರಿಕೊಂಡನು.

ನೆಷ್ ಬೆಸೆದುದು ಲೋಹವನ್ನು ಲೋಹಕ್ಕೆ. ರಟ್ಟಿನವರೆಗೆ ಇಳಿದುಬರಲು ಇನ್ನೊಂದು ಸಾಮಗ್ರಿ ಬೇಕಾಗಿತ್ತು. ಆ ಸಾಮಗ್ರಿ ಅಂಟು. ಪ್ರಾಣಿಗಳ ಚರ್ಮ ಮೂಳೆಗಳನ್ನು ಬೇಯಿಸಿ ಮಾಡಿದ ಬಡಗಿಗಳ ವಜ್ರವಾಗಲಿ, ಹಿಟ್ಟಿನ ಸರಿಯಾಗಲಿ ನೀರು ತಾಕಿದರೆ ಬಿಡತಕ್ಕವು. ಮುದ್ರಣಚಿತ್ರಕ್ಕಾದರೋ ಕಾಗದವನ್ನು ತೋಯಿಸದೆ ಗತಿಯಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ರಾಸಾಯನಿಕ ಕಾರ್ಖಾನೆಗಳಿಂದ ಹೊರಬಂದ ಬಿಳಿಯ ಅಂಟು ಒಣಗಿದ ಮೇಲೆ ಗಟ್ಟಿಯಾದ ಪೊರೆಯಾಗಿ ನಿಲ್ಲುವುದಾದುದರಿಂದ ಈ ತೊಡಕು ಹೋಯಿತು. ಅಮೆರಿಕೆಯ ಮನೆಮನೆಗೂ ಅದು 1940ರ ದಶಕದ ಕೊನೆಯಿಂದ ಬರತೊಡಗಿತು. ನೀರಿನಲ್ಲಿ ಕಲಸಬಹುದಾದ, ಒಣಗಿದರೆ ನೀರಿಗೆ ಜಗ್ಗದ ಅಕ್ರಿಲಿಕ್ ಬಣ್ಣಗಳು 1950ರ ದಶಕದ ನಡುವೆ ಬಂದವು. ನಮ್ಮಲ್ಲಿ ಫೆವಿಕಾಲ್ ಅಂಗಡಿಗೆ ಬಂದುದು 1959ರಲ್ಲಿ. ಕಲೆಯ ಇತಿಹಾಸವನ್ನು ಬರೆಯುವವರು ಪ್ರತಿಭೆಯನ್ನು ಕುರಿತು ಪುಟಗಟ್ಟಲೆ ಬರೆದು, ಅಂಟಿನ ಡಬ್ಬಿಯನ್ನು ಕುರಿತು ಒಂದು ಸಾಲನ್ನೂ ಬರೆಯದಿರುವುದನ್ನು ನಾನು ಅನ್ಯಾಯವೆಂದೇ ಎಣಿಸುತ್ತೇನೆ.

ಈ ಸಂದರ್ಭದಲ್ಲಿ, ಅಮೆರಿಕೆಯ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಮುದ್ರಣಚಿತ್ರವನ್ನು ಬೋಧಿಸುತ್ತಿದ್ದ ಗ್ಲೆನ್ ಆಲ್ಪ್ಸ್ 1956ರಲ್ಲಿ ಈ ವಿಧಾನಕ್ಕೆ ಕೊಲಾಗ್ರಾಫ್ ಎಂಬ ಹೆಸರನ್ನಿಟ್ಟನು. ಆತನಿಗಿಂತ ಮುಂಚೆ ಫಲಕಕ್ಕೆ ವಸ್ತುಗಳನ್ನು ಅಂಟಿಸಿದವರು ಇದ್ದರೆಂಬುದರಲ್ಲಿ ಸಂಶಯವಿಲ್ಲ. ರಟ್ಟನ್ನು ಕತ್ತರಿಸಿ ಅಚ್ಚು ಹಾಕಿದವರೂ ಅಮೆರಿಕೆಯಲ್ಲೇ ಇದ್ದರು. ಆದರೆ ಒಬ್ಬೊಬ್ಬರ ಕೈಚಳಕವಾಗಿ, ಅವರವರ ಕೋಣೆಯಲ್ಲಿಯೇ ಉಳಿದಿದ್ದುದನ್ನು ಕಲಿಸಬಹುದಾದ ಒಂದು ವಿದ್ಯೆಯನ್ನಾಗಿ ಮಾಡಿ, ವರ್ಷವರ್ಷವೂ ವಿದ್ಯಾರ್ಥಿಗಳ ಕೈಗೆ ಕೊಟ್ಟವನು ಆಲ್ಪ್ಸ್. ಹೆತ್ತವರು ಹಲವರಾದರೂ ನಾಮಕರಣ ಮಾಡಿ ಶಾಲೆಗೆ ಸೇರಿಸಿದವನು ಆತನೇ. ಆ ಗೌರವವನ್ನು ಆತನಿಗೆ ಪೂರ್ಣವಾಗಿ ಸಲ್ಲಿಸಬೇಕು.

ಈ ವಿದ್ಯೆಯನ್ನು ಸಮೀಪದಿಂದ ನೋಡದೆ ಮುಂದಿನ ಮಾತು ತಿಳಿಯದು. ಬೆಂಗಳೂರಿನ ಚಿತ್ರಶಾಲೆಯೊಂದರಲ್ಲಿ ಒಂದು ಮಧ್ಯಾಹ್ನವೆಲ್ಲ ನಿಂತು ನಾನು ಇದನ್ನು ಕಂಡೆನು. ಎರಡಂಗೈಯಗಲದ ರಟ್ಟು, ಅದರ ಮೇಲೆ ಅಶ್ವತ್ಥದ ಎಲೆಯ ನರಬಲೆ, ಹಳೆಯ ಪಂಚೆಯ ಒಂದು ಚೂರು, ಬಡಗಿಗಳು ಉಪ್ಪುಕಾಗದವೆನ್ನುವ ಮರಳುಕಾಗದದ ಎರಡು ತುಂಡು. ಅಂಟಿನಿಂದಲೇ ಕುಂಚವಾಡಿಸಿದ ಗೆರೆಗಳು ಒಣಗಿ ಸಣ್ಣ ಬದುಗಳಂತೆ ಎದ್ದಿದ್ದವು. ಒಟ್ಟು ದಪ್ಪ ರಾಗಿಯ ಕಾಳಿನ ಒಂದೆರಡು ಮಡಿಯನ್ನು ಮೀರಬಾರದು. ಮೀರಿದರೆ ಉರುಳೆಯ ಕೆಳಗೆ ಕಾಗದ ಹರಿಯುವುದು. ಎಲ್ಲವೂ ಒಣಗಿದ ಮೇಲೆ ರಟ್ಟಿನ ಎರಡು ಮೈಗೂ, ಮರೆಯದೆ ಅಂಚಿಗೂ, ಅರಗಿನ ವಾರ್ನಿಷನ್ನು ಬಳಿದರು. ಇದಿಲ್ಲದಿದ್ದರೆ ರಟ್ಟು ಮಸಿಯನ್ನೆಲ್ಲ ಕುಡಿದುಬಿಡುವುದು. ಬಳಿಕ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಸಿಯನ್ನು ಸಂದುಗೊಂದುಗಳಿಗೆಲ್ಲ ತುಂಬಿ, ಗಂಜಿ ಹಾಕಿದ ಜಾಳುಬಟ್ಟೆಯನ್ನು ಉಂಡೆಮಾಡಿಕೊಂಡು ಮೆಲ್ಲಗೆ ಒರಸತೊಡಗಿದರು. ಚಿತ್ರವು ಹುಟ್ಟುವುದು ಈ ಒರಸುವಿಕೆಯಲ್ಲಿ. ನಯವಾದ ಮೈ ಮಸಿಯನ್ನು ಬಿಟ್ಟುಕೊಡುವುದು, ಅಲ್ಲಿ ಕಾಗದ ಬೆಳ್ಳಗೆ ಉಳಿಯುವುದು. ಮರಳುಕಾಗದದ ಒಂದೊಂದು ಕಣವೂ ಮಸಿಯನ್ನು ಕಚ್ಚಿ ಹಿಡಿಯುವುದು, ಅಲ್ಲಿ ಮಖಮಲ್ಲಿನಂತಹ ಕಪ್ಪು ಬರುವುದು. ಅಂಟಿನ ಬದುವಿನ ನೆತ್ತಿ ಬೆಳಗಿ, ಅದರ ಬುಡದ ಎರಡು ಪಕ್ಕವೂ ಕಪ್ಪಾಗಿ ನಿಲ್ಲುವುದು. ಪಂಚೆಯ ಚೂರಿನ ಒಂದೊಂದು ನೂಲಿನ ತಿರುಚೂ ಕಾಗದದ ಮೇಲೆ ಕಾಣಿಸಿದಾಗ, ಕಂಬಳಿಯನ್ನು ಮಡಿಸಿ ಕಾಗದವನ್ನು ಎತ್ತುತ್ತಿದ್ದ ಹುಡುಗಿ ಉಸಿರು ಬಿಗಿಹಿಡಿದುದು ನನಗೆ ಇಂದಿಗೂ ನೆನಪಿದೆ.

ರಟ್ಟಿನ ಆಯುಸ್ಸು ಅಲ್ಪ. ಉರುಳೆಯ ಒತ್ತಡಕ್ಕೆ ಎಲೆ ಚಪ್ಪಟೆಯಾಗುವುದು, ಬದು ಕುಸಿಯುವುದು. ಕೆಲವೇ ಡಜನ್ ಪ್ರತಿಗಳಾಗುವಷ್ಟರಲ್ಲಿ ಫಲಕ ದಣಿಯುವುದು. ಸಹಸ್ರ ಪ್ರತಿಗಳನ್ನು ಮಾರಬೇಕಾದ ವ್ಯಾಪಾರಿಗೆ ಇದು ಒದಗದು. ಬೆಲೆಯನ್ನು ನೋಡಿದರೋ ತಾಮ್ರವಿಲ್ಲ, ಆಮ್ಲವಿಲ್ಲ, ಆಮ್ಲದ ಹೊಗೆಯೂ ಇಲ್ಲ.

ಕಸದ ಬುಟ್ಟಿಯಿಂದ ಸಾಮಗ್ರಿಯನ್ನು ತರುವುದು ಕೈಹಿಡಿತದ ಉಪಾಯವಾಗಿ ಮೊದಲಾದರೂ, ಅದು ಒಂದು ಅರ್ಥವನ್ನು ಪಡೆದುದು ಲ್ಯಾಟಿನ್ ಅಮೆರಿಕೆಯಲ್ಲಿ. ಅರ್ಜೆಂಟೀನಾದ ಆಂಟೋನಿಯೊ ಬೆರ್ನಿ, ಬ್ಯೂನಸ್ ಐರಿಸ್ ನಗರದ ಹೊರವಲಯದ ಗುಡಿಸಲುಗೇರಿಯ ಬಾಲಕನೊಬ್ಬನನ್ನು ಕಲ್ಪಿಸಿ, ಹುವಾನಿತೋ ಲಗೂನಾ ಎಂದು ಹೆಸರಿಟ್ಟು, ಅವನ ಬದುಕನ್ನು ಆ ಕೇರಿಗಳಲ್ಲಿಯೇ ಬಿದ್ದಿದ್ದ ಹಲಗೆ, ತಗಡು, ರಟ್ಟುಗಳಿಂದಲೇ ಕಟ್ಟಿದನು. ಮರದ ಕೆತ್ತನೆಗೆ ಇಂತಹ ವಸ್ತುಗಳನ್ನು ಜೋಡಿಸಿ ಆತನು ತೆಗೆದ ದೊಡ್ಡ ಅಚ್ಚುಗಳಿಗೆ 1962ರಲ್ಲಿ ವೆನಿಸ್ಸಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಮುದ್ರಣಚಿತ್ರದ ಪರಮ ಪ್ರಶಸ್ತಿ ದೊರೆಯಿತು. ಬಡವನ ಚಿತ್ರವನ್ನು ಬಡವನ ಮನೆಯ ಗೋಡೆಯಿಂದಲೇ ಮಾಡಿದುದನ್ನು ನಾನು ಬರಿಯ ಚಮತ್ಕಾರವೆಂದು ಭಾವಿಸಲಾರೆ. ನಮ್ಮ ದೇಶದಲ್ಲಿ, 1937ರಲ್ಲಿ ಅಲೀಗಢದಲ್ಲಿ ಜನಿಸಿದ ಜರೀನಾ ಹಾಶ್ಮಿ ಅವರು, ಪ್ಯಾರಿಸ್ಸಿನ ಹೇಟರನ ‘ಅತೆಲಿಯೆ 17’ ಎಂಬ ಪ್ರಸಿದ್ಧ ಮುದ್ರಣಶಾಲೆಯಲ್ಲಿ ಕಲಿತು ದೆಹಲಿಗೆ ಹಿಂದಿರುಗಿದ ಮೇಲೆ, 1960ರ ದಶಕದ ಕೊನೆಯಲ್ಲಿ, ಬಿಸುಟ ಮರದ ತುಂಡುಗಳನ್ನು ಆಯ್ದು ತಂದು, ಉಳಿಯಿಂದ ಹೆಚ್ಚೇನನ್ನೂ ಮಾಡದೆ, ಜೋಡಿಸಿ ಮಸಿ ಹಚ್ಚಿ ಅಚ್ಚು ತೆಗೆದರು. ಮರದ ಎಳೆಗಳೇ ಅಲ್ಲಿ ರೇಖೆಗಳಾದವು. ದೆಹಲಿಯಲ್ಲಿಯೇ 1968ರಲ್ಲಿ ‘ಗ್ರೂಪ್ 8’ ಎಂಬ ಮುದ್ರಣಚಿತ್ರಕಾರರ ಕೂಟವನ್ನು ಕಟ್ಟಿದ ಜಗಮೋಹನ್ ಚೋಪ್ರಾ ಅವರು ಕೊಲಾಗ್ರಾಫನ್ನು ತಮ್ಮ ಮಾಧ್ಯಮವನ್ನಾಗಿ ಮಾಡಿಕೊಂಡರು.

ಇಷ್ಟಾದರೂ, ಈ ವಿದ್ಯೆ ತನ್ನ ಶಿಖರವನ್ನು ಮುಟ್ಟಿದ ಊರು ಯಾವುದೆಂದು ಯಾರಾದರೂ ಕೇಳಿದರೆ, ಸಿಯಾಟಲ್ ಅಲ್ಲ, ಪ್ಯಾರಿಸ್ ಅಲ್ಲ, ಕ್ಯೂಬಾದ ಹವಾನಾ ಎಂದು ನಾನು ಅನುಮಾನವಿಲ್ಲದೆ ಹೇಳುವೆನು. ಹಳತನ್ನು ಉಳಿಸಿಕೊಳ್ಳುವ ಬುದ್ಧಿ ಆ ಊರಿನ ಮುದ್ರಣಚಿತ್ರಕಾರರಿಗೆ ಮೊದಲಿನಿಂದಲೂ ಇತ್ತು: 1962ರಲ್ಲಿ ಅಲ್ಲಿ ಸ್ಥಾಪಿತವಾದ ಪ್ರಾಯೋಗಿಕ ಮುದ್ರಣಶಾಲೆಗೆ ಒದಗಿದ ಬಂಡವಾಳ, ಚುಟ್ಟದ ಪೆಟ್ಟಿಗೆಗಳಿಗೆ ಬಣ್ಣಬಣ್ಣದ ಚೀಟಿಗಳನ್ನು ಮುದ್ರಿಸುತ್ತಿದ್ದವರ ಹಳೆಯ ಕಲ್ಲುಗಳೇ. 1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಮುರಿದುಬಿದ್ದಾಗ ಕ್ಯೂಬಾಕ್ಕೆ ಎಣ್ಣೆಯೂ ಧಾನ್ಯವೂ ಬರುವ ದಾರಿ ಮುಚ್ಚಿತು. ಸರ್ಕಾರ ಆ ಕಾಲವನ್ನು ‘ವಿಶೇಷ ಅವಧಿ’ ಎಂದು ಕರೆಯಿತು. ವಿದ್ಯುತ್ತು ಗಂಟೆಗಟ್ಟಲೆ ಇಲ್ಲವಾಗುತ್ತಿತ್ತು; ಬಸ್ಸುಗಳು ನಿಂತು, ಚೀನಾದ ಬೈಸಿಕಲ್ಲುಗಳು ಬೀದಿಗಳನ್ನು ತುಂಬಿದವು; ಅನ್ನಕ್ಕೇ ಸಾಲು ನಿಲ್ಲಬೇಕಾದ ಊರಿನಲ್ಲಿ ತಾಮ್ರದ ತಗಡನ್ನೂ ವಿದೇಶದ ಮಸಿಯನ್ನೂ ಕೇಳುವವರಾರು?

ಆ ದಿನಗಳಲ್ಲಿ ಬೆಲ್ಕಿಸ್ ಆಯೋನ್ ಎಂಬ ತರುಣಿ ರಟ್ಟನ್ನು ಹಿಡಿದು ಕುಳಿತಳು. ಆಕೆ 1967ರ ಜನವರಿಯಲ್ಲಿ ಹವಾನಾದಲ್ಲಿ ಹುಟ್ಟಿ, ಅಲ್ಲಿಯ ಸಾನ್ ಅಲೆಹಾಂದ್ರೊ ಕಲಾಶಾಲೆಯಲ್ಲಿಯೂ ಉನ್ನತ ಕಲಾಸಂಸ್ಥೆಯಲ್ಲಿಯೂ ಓದಿ, 1991ರಲ್ಲಿ ವ್ಯಾಸಂಗವನ್ನು ಮುಗಿಸಿದವಳು. ಕೊರತೆ ಬಂದುದರಿಂದ ಆಕೆ ಕೊಲಾಗ್ರಾಫಿಗೆ ಬಂದಳೆಂದು ಹೇಳುವುದು ತಪ್ಪಾಗುವುದು. ವಿದ್ಯಾರ್ಥಿನಿಯಾಗಿದ್ದಾಗಲೇ ಅದನ್ನು ಆರಿಸಿಕೊಂಡಿದ್ದಳು. ಕೊರತೆಯ ಕಾಲದಲ್ಲಿ ಇತರರ ಕೈ ಕಟ್ಟಿಹೋದಾಗ ಆಕೆಯ ಕೈ ಕಟ್ಟದಿದ್ದುದಕ್ಕೆ ಈ ಆಯ್ಕೆ ಕಾರಣವಾಯಿತು. ರಟ್ಟು, ಬಗೆಬಗೆಯ ಕಾಗದ, ಮರಳುಕಾಗದ, ತರಕಾರಿಯ ಸಿಪ್ಪೆ — ಇವು ಆಕೆಯ ಭಂಡಾರ. ಬಣ್ಣವನ್ನೂ ಆಕೆ ಬಿಟ್ಟುಬಿಟ್ಟಳು. ಉಳಿದುದು ಕಪ್ಪು, ಬಿಳುಪು, ಮತ್ತು ಅವೆರಡರ ನಡುವಣ ನೂರು ಬೂದುಗಳು. ಮುದ್ರಣಯಂತ್ರದ ಅಗಲಕ್ಕೆ ತಕ್ಕಂತೆ ಫಲಕಗಳನ್ನು ಬೇರೆಬೇರೆಯಾಗಿ ಮಾಡಿ, ಹಾಳೆಗಳನ್ನು ಗೋಡೆಯ ಮೇಲೆ ಪಕ್ಕಪಕ್ಕಕ್ಕೆ ಕೂಡಿಸಿ, ಆಳೆತ್ತರದ ಚಿತ್ರಗಳನ್ನು ನಿಲ್ಲಿಸಿದಳು.

ಆ ಚಿತ್ರಗಳ ವಸ್ತು ಒಂದೇ. ಆಫ್ರಿಕದ ನೈಜೀರಿಯಾ ಕ್ಯಾಮರೂನ್ ಗಡಿಯ ಕ್ರಾಸ್ ನದಿಯ ಸೀಮೆಯಿಂದ ಗುಲಾಮರಾಗಿ ಬಂದವರು ತಮ್ಮೊಡನೆ ತಂದ ಆಚಾರಗಳಿಂದ ಹವಾನಾದ ರೆಗ್ಲಾ ಎಂಬ ಬಂದರುಕೇರಿಯಲ್ಲಿ 1836ರಲ್ಲಿ ರೂಪುಗೊಂಡ ಆಬಾಕುವಾ ಎಂಬ ಗೋಪ್ಯಸಂಘವಿದೆ. ಅದರಲ್ಲಿ ಪುರುಷರಿಗೆ ಮಾತ್ರ ಪ್ರವೇಶ. ಅದರ ಮೂಲಕಥೆಯಲ್ಲಿ ಬರುವವಳಾದರೋ ಒಬ್ಬ ಹೆಣ್ಣು. ಸಿಕಾನ್ ಎಂಬ ರಾಜಕುಮಾರಿ ನೀರಿಗೆಂದು ನದಿಗೆ ಹೋದಾಗ ಅವಳ ಕೊಡಕ್ಕೆ ತಾಂಸೆ ಎಂಬ ದಿವ್ಯಮತ್ಸ್ಯವು ಬಂದು ಸೇರಿತು. ಅದರ ಗರ್ಜನೆಯೇ ದೈವದ ವಾಣಿ. ಕೇಳಬಾರದುದನ್ನು ಮೊದಲು ಕೇಳಿದವಳು ಅವಳು. ಯಾರಿಗೂ ಹೇಳಕೂಡದೆಂದು ವಿಧಿಸಿದ್ದ ಗುಟ್ಟನ್ನು ಅವಳು ಹೊರಗೆಡಹಿದಳೆಂದು ಅವಳನ್ನು ಬಲಿಕೊಟ್ಟರು. ಸತ್ತ ಮೀನಿನ ದನಿಯನ್ನು ಮರಳಿ ಪಡೆಯುವ ಯತ್ನದಲ್ಲಿ ಪವಿತ್ರವಾದ ತಮಟೆ ಹುಟ್ಟಿತು. ಆಯೋನ್ ಈ ಸಿಕಾನಳಿಗೆ ತನ್ನ ದೇಹವನ್ನೇ ಮಾದರಿಯನ್ನಾಗಿ ಕೊಟ್ಟಳು. ಆಕೆಯ ಚಿತ್ರಗಳ ಮನುಷ್ಯರಿಗೆ ಬಾಯಿಲ್ಲ. ಬಾದಾಮಿಯ ಆಕಾರದ ಕಣ್ಣುಗಳು ಮಾತ್ರ ಇರುವುವು, ಮತ್ತು ಅವು ನೋಡುವವನನ್ನು ಬಿಡುವುದಿಲ್ಲ. ಕೆಲವರ ಮೈಮೇಲೆ ಮೀನಿನ ಹುರುಪೆ. ಒಂದೊಂದು ಹುರುಪೆಯೂ ಒಂದೊಂದು ಅಂಚು. ಆ ಅಂಚಿನಲ್ಲಿ ನಿಂತ ಮಸಿ ಚರ್ಮದ ಮೇಲೆ ತೇವವಿರುವಂತೆ ಹೊಳೆಯುವುದು.

ಕ್ರೈಸ್ತರ ಕಡೆಯ ಭೋಜನದ ಚಿತ್ರವನ್ನು ನಾವೆಲ್ಲರೂ ಎಲ್ಲಾದರೂ ಕಂಡಿರುತ್ತೇವೆ. ಆಯೋನ್ ಮಾಡಿದ ‘ಲಾ ಸೇನಾ’ ಎಂಬ ಚಿತ್ರದಲ್ಲಿ ಅದೇ ಬಗೆಯ ಉದ್ದನೆಯ ಮೇಜಿನ ಸುತ್ತ ಕುಳಿತವರು ಬಹುಮಟ್ಟಿಗೆ ಹೆಂಗಸರು, ನಡುವೆ ಸಿಕಾನ್. 1988ರಲ್ಲಿ ಅದನ್ನು ಬಣ್ಣದಲ್ಲಿ ಮಾಡಿದ್ದಳು. 1991ರಲ್ಲಿ ಕಪ್ಪುಬಿಳುಪಿನಲ್ಲಿ ಮತ್ತೆ ಮಾಡಿದಳು. ಆರು ಹಾಳೆಗಳು ಕೂಡಿ ಸುಮಾರು ಮೂರು ಮೀಟರ್ ಅಗಲ. ಬಣ್ಣ ಹೋದ ಮೇಲೆ ಆ ಊಟದ ಮೇಲೆ ಇಳಿದ ನಿಶ್ಶಬ್ದವನ್ನು ಒಮ್ಮೆ ಕಂಡವರು, ತ್ಯಾಗವೂ ಒಂದು ಸಾಮಗ್ರಿಯೆಂಬುದನ್ನು ಒಪ್ಪುವರು. 1993ರಲ್ಲಿ ಆಕೆಯ ಚಿತ್ರಗಳು ವೆನಿಸ್ಸಿನ ಪ್ರದರ್ಶನಕ್ಕೆ ಆಯ್ಕೆಯಾದುವು. ಪೆಟ್ರೋಲು ದುರ್ಲಭವಾಗಿದ್ದುದರಿಂದ ಆಕೆ ತನ್ನ ತಂದೆಯೊಡನೆ ಬೈಸಿಕಲ್ಲನ್ನೇರಿ, ಚಿತ್ರಗಳ ಸುರುಳಿಯೊಡನೆ ವಿಮಾನನಿಲ್ದಾಣದ ದಾರಿ ಹಿಡಿದಳೆಂದು ಹೇಳುವರು. ಮೂವತ್ತೊಂದು ವರ್ಷಗಳ ಹಿಂದೆ ಬೆರ್ನಿಯ ಅಚ್ಚುಗಳಿಗೆ ಪ್ರಶಸ್ತಿ ಬಂದುದೂ ಆ ವೆನಿಸ್ಸಿನಲ್ಲಿಯೇ.

1999ರ ಸೆಪ್ಟೆಂಬರ್ 11ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಬೆಲ್ಕಿಸ್ ಆಯೋನ್ ಹವಾನಾದಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ಕಾರಣವನ್ನು ಹುಡುಕಿ ಅನೇಕರು ಬರೆದಿರುವರು. ಆಕೆಯ ಕೊನೆಯ ವರ್ಷಗಳ ದುಂಡನೆಯ ಕಪ್ಪು ಚಿತ್ರಗಳಲ್ಲಿ ಅದನ್ನು ಓದಲು ಯತ್ನಿಸಿದವರೂ ಉಂಟು. ಅಂತಹ ಓದಿಗೆ ನನ್ನ ಮನಸ್ಸು ಒಪ್ಪದು. ಬಾಯಿಲ್ಲದವರನ್ನು ಬರೆದವಳ ಮೌನಕ್ಕೆ ನಾವು ಮಾತು ತುಂಬಬಾರದು.

ಹೆಸರಿಟ್ಟ ಕೀರ್ತಿ ಆಲ್ಪ್ಸನದು, ದಾರಿ ತೆರೆದ ಕೀರ್ತಿ ನೆಷ್‌ನದು. ರಟ್ಟಿನ ಫಲಕವನ್ನು ತಾಮ್ರಫಲಕದ ಸಮಾನಪೀಠಕ್ಕೆ ಏರಿಸಿದವಳು ಈಕೆ ಎಂಬುದು ನನ್ನ ನಿರ್ಣಯ. ಆಕೆಯ ಕೃತಿಗಳ ಸಮಗ್ರ ಪ್ರದರ್ಶನ 2009ರಲ್ಲಿ ಹವಾನಾದಲ್ಲಿಯೂ, 2016ರಲ್ಲಿ ಲಾಸ್ ಏಂಜಲೀಸಿನಲ್ಲಿಯೂ ನಡೆಯಿತು. 2021ರಲ್ಲಿ ಅವು, ಗೋಯನ 80 ತಾಮ್ರಫಲಕಗಳಿರುವ ಮ್ಯಾಡ್ರಿಡ್ ನಗರಕ್ಕೆ ಬಂದು, ರೈನಾ ಸೋಫಿಯಾ ವಸ್ತುಸಂಗ್ರಹಾಲಯದ ಗೋಡೆಗಳನ್ನು ಏರಿದುವು.